ಸ್ಮೂದಿ ಕುಡಿದರೂ ತೂಕ ಇಳಿಯುತ್ತಿಲ್ಲವೇ? ಲೋಟಕ್ಕೆ ಏನು, ಎಷ್ಟು, ಯಾವ ಕ್ರಮದಲ್ಲಿ: ಸಮಗ್ರ ಮಾರ್ಗದರ್ಶಿ

"ಬೆಳಿಗ್ಗೆ ಒಂದು ಸ್ಮೂದಿ ಅಷ್ಟೇ, ಆದರೂ ತೂಕ ಇಳಿಯುತ್ತಿಲ್ಲ." ಓದುಗರಿಂದ ಈ ದೂರು ಮತ್ತೆ ಮತ್ತೆ ಬರುತ್ತಿದೆ. ಏನೇನು ಹಾಕುತ್ತೀರಿ ಎಂದು ಕೇಳಿದರೆ ಪಟ್ಟಿ ಹೆಚ್ಚುಕಡಿಮೆ ಒಂದೇ. ಗಟ್ಟಿ ಹಾಲು, ಎರಡು ಪಚ್ಚಬಾಳೆ, ನಾಲ್ಕು ಖರ್ಜೂರ, ಹತ್ತು ಬಾದಾಮಿ, ಒಂದು ಚಮಚ ಪೀನಟ್ ಬಟರ್, ಮೇಲೆ ಜೇನುತುಪ್ಪ.

ಒಂದೊಂದಾಗಿ ನೋಡಿದರೆ ಎಲ್ಲವೂ ಒಳ್ಳೆಯವೇ. ಈಗ ಕೂಡಿಸಿ. ಪೂರ್ತಿ ಕೆನೆಯ ಹಾಲು 300 ಮಿಲಿಗೆ ಸುಮಾರು 260 ಕ್ಯಾಲೊರಿ. ಬಾಳೆಹಣ್ಣಿಗೆ 200. ಖರ್ಜೂರಕ್ಕೆ 90, ಬಾದಾಮಿಗೆ 70, ಪೀನಟ್ ಬಟರ್‌ಗೆ 95, ಜೇನಿಗೆ 60. ಒಟ್ಟು 775! ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ, ಕೂತು ಕೆಲಸ ಮಾಡುವ 55 ಕೆಜಿ ತೂಕದ ಹೆಂಗಸಿಗೆ ಇಡೀ ದಿನಕ್ಕೆ ಬೇಕಾದ್ದು 1660 ಕ್ಯಾಲೊರಿ. ಅದರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಈ ಒಂದು ಲೋಟದಲ್ಲೇ ಮುಗಿಯಿತು.

ತಪ್ಪು ಆಗುತ್ತಿರುವುದು ಕ್ರಮದಲ್ಲಿ. ಮೊದಲು ಮಿಕ್ಸಿ ತಿರುಗಿಸುತ್ತೇವೆ, ಕ್ಯಾಲೊರಿ ಆಮೇಲೆ ನೆನಪಾಗುತ್ತದೆ. ಅದನ್ನು ತಿರುಗುಮುರುಗು ಮಾಡಬೇಕು. ಈ ಲೋಟ ಇವತ್ತಿನ ಯಾವ ತಿಂಡಿಯ ಬದಲಿಗೆ ಅನ್ನುವುದು ಮೊದಲು ತೀರ್ಮಾನ ಆಗಬೇಕು. ಆಮೇಲೆ ಅಳತೆ. ಮಿಕ್ಸಿ ಕೊನೆಗೆ.

ಇಲ್ಲಿ ಕೊಟ್ಟ ಅಂಕಿಗಳೆಲ್ಲ ಅಂದಾಜು. ಹಣ್ಣಿನ ತಳಿ, ಅದು ಎಷ್ಟು ಮಾಗಿದೆ ಅನ್ನುವುದರ ಮೇಲೆ ಸ್ವಲ್ಪ ಆಚೀಚೆ ಆಗುತ್ತದೆ. ಮನೆಯ ಲೆಕ್ಕಕ್ಕೆ ಇಷ್ಟು ಸಾಕು.

ಬೇಕಾದ ಸಾಮಾನು

ಮಿಕ್ಸಿ ಮನೆಯಲ್ಲಿ ಇದ್ದೇ ಇರುತ್ತದೆ. ಇಡ್ಲಿ, ದೋಸೆ ಹಿಟ್ಟು ರುಬ್ಬುವ 750 ವ್ಯಾಟ್‌ನ ಮಿಕ್ಸಿ ಧಾರಾಳವಾಗಿ ಸಾಕು. ಸ್ಮೂದಿಗೆಂದೇ ಬೇರೆ ಬ್ಲೆಂಡರ್ ಕೊಳ್ಳುವ ಅಗತ್ಯವಿಲ್ಲ.

ನಿಜವಾಗಿ ಕೊಳ್ಳಬೇಕಾದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಇದಿಲ್ಲದೆ ಮುಂದಿನ ಹಂತಗಳೆಲ್ಲ ಬರೀ ಊಹೆ. ಜೊತೆಗೆ ಒಂದು ಅಳತೆ ಚಮಚದ ಸೆಟ್, ಮಿಲಿ ಗುರುತು ಇರುವ ಒಂದು ಕಪ್ ಇದ್ದರೆ ಆಯಿತು.

ಇನ್ನೊಂದು ವಿಷಯ. ಬೆಳ್ಳುಳ್ಳಿ ಚಟ್ನಿ ರುಬ್ಬಿದ ಜಾರ್‌ನಲ್ಲಿ ಸ್ಮೂದಿ ಮಾಡಬೇಡಿ. ತೊಳೆದರೂ ಬ್ಲೇಡಿನ ಬುಡದಲ್ಲಿ, ಮುಚ್ಚಳದ ರಬ್ಬರ್ ಉಂಗುರದ ಸಂದಿಯಲ್ಲಿ ವಾಸನೆ ಉಳಿದಿರುತ್ತದೆ. ಆ ರಬ್ಬರ್ ಬಿಚ್ಚಿ ನೋಡಿ. ಒಳಗೆ ತೆಳುವಾಗಿ ಕಪ್ಪಗೆ ಅಂಟಿಕೊಂಡಿರುವುದು ಹಳೆಯ ಹಿಟ್ಟು ಮತ್ತು ಬೂಸ್ಟು. ಬೇಯಿಸದೆ ಕುಡಿಯುವ ಪದಾರ್ಥಕ್ಕೆ ಇದು ಸೇರಬಾರದು. ವಾರಕ್ಕೊಮ್ಮೆಯಾದರೂ ರಬ್ಬರ್ ಬಿಚ್ಚಿ ಉಜ್ಜಿ, ಒಣಗಿಸಿ ಹಾಕಿ.

ಹಂತ 1: ಸ್ಮೂದಿಗೆ ದಿನದಲ್ಲಿ ಜಾಗ ಮಾಡಿ

ಸ್ಮೂದಿ ತಿಂಡಿಯ ಬದಲಿಗೋ, ಸಂಜೆಯ ಕುರುಕಲಿನ ಬದಲಿಗೋ? ಎರಡರಲ್ಲಿ ಒಂದನ್ನು ಇವತ್ತೇ ತೀರ್ಮಾನಿಸಿ. ಎರಡು ದೋಸೆ ತಿಂದು, ಆಮೇಲೆ "ಆರೋಗ್ಯಕ್ಕೆ" ಎಂದು ಸ್ಮೂದಿ ಕುಡಿದರೆ ಅದು ಹೆಚ್ಚುವರಿ ಊಟ. ತೂಕ ಇಳಿಯದಿರಲು ನನ್ನ ಪ್ರಕಾರ ಮೊದಲ ಕಾರಣ ಇದೇ.

ತಿಂಡಿಯ ಬದಲಿಗೆ ಆದರೆ 280ರಿಂದ 350 ಕ್ಯಾಲೊರಿ. ಸಂಜೆಗೆ ಆದರೆ 120ರಿಂದ 180. ಈ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಮುಂದೆ ಜಾರ್‌ಗೆ ಏನೇ ಬಿದ್ದರೂ ಈ ಅಂಕಿಯೊಳಗೇ ಬೀಳಬೇಕು.

ತಿಂಡಿಯ ಲೋಟವನ್ನು 150 ಕ್ಯಾಲೊರಿಗೆ ಇಳಿಸಿ ಬೇಗ ತೂಕ ಇಳಿಸುತ್ತೇನೆ ಎಂದು ಹೊರಡಬೇಡಿ. ಹನ್ನೊಂದು ಗಂಟೆಗೆ ಹೊಟ್ಟೆ ಚುರುಗುಟ್ಟುತ್ತದೆ. ಆಫೀಸಿನ ಕ್ಯಾಂಟೀನಿನ ವಡೆ ಆಗ ಉಳಿಸಿದ್ದನ್ನೆಲ್ಲ ವಾಪಸ್ ತಂದುಕೊಡುತ್ತದೆ. ಮೂರೂ ಹೊತ್ತು ಸ್ಮೂದಿ ಅನ್ನುವುದಂತೂ ಬೇಡವೇ ಬೇಡ. ಅಗಿದು ತಿನ್ನುವ ಊಟದ ತೃಪ್ತಿ ಕುಡಿಯುವುದರಲ್ಲಿ ಸಿಗುವುದಿಲ್ಲ. ದಿನಕ್ಕೆ ಒಂದು ಲೋಟ ಸಾಕು.

ಹಂತ 2: ನಿಮ್ಮ ಲೋಟವನ್ನು ಅಳೆಯಿರಿ

"ಒಂದು ಲೋಟ" ಅಂದರೆ ಎಷ್ಟು? ಒಂದು ಮನೆಯಲ್ಲಿ 180 ಮಿಲಿ, ಪಕ್ಕದ ಮನೆಯಲ್ಲಿ 350. ದಿನಾ ಕುಡಿಯುವ ಲೋಟವನ್ನು ತಕ್ಕಡಿ ಮೇಲಿಡಿ, ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ನೀರು ಒಂದು ಗ್ರಾಂ ಅಂದರೆ ಒಂದು ಮಿಲಿ. 300 ಮಿಲಿ ದಾಟುವ ಲೋಟವಾದರೆ ಸ್ಮೂದಿಗೆ ಬೇರೆ ಲೋಟ ಆರಿಸಿ. ದೊಡ್ಡ ಲೋಟ ಕಂಡರೆ ಕೈ ತಾನಾಗೇ ತುಂಬಿಸುತ್ತದೆ.

ಹಂತ 3: ಹಾಲೋ, ಮೊಸರೋ, ನೀರೋ

ಕ್ಯಾಲೊರಿ ಸುಲಭವಾಗಿ ಇಳಿಯುವುದು ಇಲ್ಲೇ. ಪೂರ್ತಿ ಕೆನೆಯ ಹಾಲಿನಲ್ಲಿ ಕೊಬ್ಬು 6%. ಟೋನ್ಡ್ ಹಾಲಿನಲ್ಲಿ 3%, ನಂದಿನಿಯ ನೀಲಿ ಪ್ಯಾಕೆಟ್ ಇದೇ. ಡಬಲ್ ಟೋನ್ಡ್‌ನಲ್ಲಿ 1.5%. 200 ಮಿಲಿಗೆ ಕ್ರಮವಾಗಿ ಸುಮಾರು 175, 120, 95 ಕ್ಯಾಲೊರಿ. ಹಾಲು ಬದಲಿಸಿದರೆ ಪ್ರೋಟೀನ್ ಕಡಿಮೆಯಾಗುವುದಿಲ್ಲ, ಕೊಬ್ಬು ಮಾತ್ರ ಇಳಿಯುತ್ತದೆ. ಹಾಲು ಕಾಯಿಸಿ, ಆರಿಸಿ, ಕೆನೆ ತೆಗೆದು ಬಳಸಿ.

ಸಂಜೆಯ ಲೋಟಕ್ಕೆ ಮೊಸರು ನನ್ನ ಮೊದಲ ಆಯ್ಕೆ. ಟೋನ್ಡ್ ಹಾಲಿನ ಮೊಸರು 100 ಗ್ರಾಂಗೆ 60 ಕ್ಯಾಲೊರಿ. ಅದಕ್ಕೆ ಅಷ್ಟೇ ನೀರು ಸೇರಿಸಿದರೆ ಲೋಟ ತುಂಬುತ್ತದೆ, ಕ್ಯಾಲೊರಿ ಒಂದಿಷ್ಟೂ ಏರುವುದಿಲ್ಲ.

ಎಳನೀರು 200 ಮಿಲಿಗೆ 40–50 ಕ್ಯಾಲೊರಿ, ಪರವಾಗಿಲ್ಲ. ಗಟ್ಟಿ ತೆಂಗಿನ ಹಾಲು ಬೇರೆ ಮಾತು. ಅದರಲ್ಲಿ 100 ಮಿಲಿಗೇ 200 ದಾಟುತ್ತದೆ. ಡಬ್ಬಿಯ ಬಾದಾಮಿ ಹಾಲು, ಸೋಯಾ ಹಾಲು ಕೊಳ್ಳುವಾಗ ಲೇಬಲ್ ಹಿಂಭಾಗದಲ್ಲಿ ಸೇರಿಸಿದ ಸಕ್ಕರೆಯ ಸಾಲು ಓದಿ. ಹಣ್ಣಿನ ಜ್ಯೂಸ್ ಹಾಕಿ ಅದಕ್ಕೆ ಮತ್ತೆ ಹಣ್ಣು ಹಾಕುವುದು ಬೇಡ.

ಹಂತ 4: ಒಂದೇ ಹಣ್ಣು, ತೂಕ ಮಾಡಿ

ಸಿಪ್ಪೆ, ಬೀಜ ತೆಗೆದ ಮೇಲೆ ತೂಕ ನೋಡಿ. 100 ಗ್ರಾಂ ತಿರುಳಿಗೆ ಸುಮಾರು ಹೀಗಿದೆ: ಕಲ್ಲಂಗಡಿ 30, ಕರಬೂಜ 34, ಪರಂಗಿ 40, ಅನಾನಸ್ 50, ಸೇಬು 52, ಮಾವು 60, ಸೀಬೆ 68, ಸಪೋಟ 80, ಪಚ್ಚಬಾಳೆ 90ರಿಂದ 110, ಬೆಣ್ಣೆ ಹಣ್ಣು 160.

ಮೊದಲ ಮೂರನ್ನು 150–200 ಗ್ರಾಂ ಹಾಕಬಹುದು. ಮಾವು, ಸೀಬೆ, ಸಪೋಟ ನೂರು ಗ್ರಾಂ. ಪಚ್ಚಬಾಳೆ ಅರ್ಧ, ಇಲ್ಲವೇ ಒಂದು ಸಣ್ಣ ಏಲಕ್ಕಿ ಬಾಳೆ. ಎರಡು ಹಣ್ಣು ಸೇರಿಸಲೇಬೇಕು ಅನ್ನಿಸಿದರೆ ಒಟ್ಟು ತೂಕ ಇಷ್ಟೇ ಇರಲಿ.

ಬೆಣ್ಣೆ ಹಣ್ಣನ್ನು ಬೇರೆಯಾಗಿಯೇ ನೋಡಬೇಕು. ಬೆಂಗಳೂರಿನ ಜ್ಯೂಸ್ ಅಂಗಡಿಗಳಲ್ಲಿ ಇದಕ್ಕೆ ಗಟ್ಟಿ ಹಾಲು, ಸಕ್ಕರೆ, ಕೆಲವು ಕಡೆ ಐಸ್‌ಕ್ರೀಮನ್ನೂ ಸೇರಿಸುತ್ತಾರೆ. ಅದೇ ರುಚಿಯನ್ನು ಮನೆಯಲ್ಲಿ ತರಲು ಹೊರಟರೆ ಲೆಕ್ಕ ಕೈ ತಪ್ಪುತ್ತದೆ. ಹಣ್ಣಿನಲ್ಲೇ ಕೊಬ್ಬು ಇರುವುದರಿಂದ ಇದು ಹಾಕಿದ ದಿನ ಬಾದಾಮಿ, ಶೇಂಗಾ ಬೇಡ. 75 ಗ್ರಾಂ ತಿರುಳು, 150 ಮಿಲಿ ಟೋನ್ಡ್ ಹಾಲು, ಒಂದು ಖರ್ಜೂರ ಹಾಕಿದರೆ ಸುಮಾರು 230 ಕ್ಯಾಲೊರಿ, ಸಾಕಷ್ಟು ಗಟ್ಟಿಯೂ ಬರುತ್ತದೆ.

ಸೋಸಬೇಡಿ. ನಾರು ಇರುವುದೇ ಹೊಟ್ಟೆ ತುಂಬಲು. ಮಿಕ್ಸಿಗೆ ಹಾಕಿದರೆ ನಾರು ಸಣ್ಣಗಾಗುತ್ತದೆ, ಹಾಳಾಗುವುದಿಲ್ಲ. ಸೋಸಿದರೆ ಮಾತ್ರ ಹೋಗುತ್ತದೆ. ಸೀಬೆಯ ಗಟ್ಟಿ ಬೀಜ ಕಿರಿಕಿರಿ ಅನ್ನಿಸಿದರೆ ಬೀಜದ ಭಾಗವನ್ನು ಮೊದಲೇ ಕತ್ತರಿಸಿ ತೆಗೆಯಿರಿ.

ಹಂತ 5: ಪ್ರೋಟೀನ್ ಸೇರಿಸಿ

ಬರೀ ಹಣ್ಣು, ಹಾಲು ಕುಡಿದರೆ ಬೇಗ ಹಸಿವಾಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಅಗ್ಗದ ಪರಿಹಾರ ಹುರಿಗಡಲೆ. 15 ಗ್ರಾಂ, ಅಂದರೆ ಒಂದೂವರೆ ಚಮಚ ಪುಡಿಗೆ 55 ಕ್ಯಾಲೊರಿ, ಸುಮಾರು 3 ಗ್ರಾಂ ಪ್ರೋಟೀನ್. ಸ್ಮೂದಿ ಗಟ್ಟಿಯೂ ಆಗುತ್ತದೆ. ಮೊಸರನ್ನು ತೆಳು ಬಟ್ಟೆಯಲ್ಲಿ ಎರಡು ಗಂಟೆ ಕಟ್ಟಿ ನೀರು ಬಸಿದರೆ ಅಷ್ಟೇ ತೂಕಕ್ಕೆ ಇನ್ನೂ ಜಾಸ್ತಿ ಪ್ರೋಟೀನ್ ಸಿಗುತ್ತದೆ.

ರಾಗಿ ಇಷ್ಟಪಡುವವರು ರಾಗಿ ಹುರಿಹಿಟ್ಟು ಹಾಕಿ. ಅರಳು ಮಾಡಿ ಬೀಸಿದ ಹಿಟ್ಟಾದ್ದರಿಂದ ಹಾಗೆಯೇ ಬಳಸಬಹುದು. ಮುದ್ದೆಗೆ ತಂದ ಹಸಿ ರಾಗಿ ಹಿಟ್ಟನ್ನು ಮಾತ್ರ ನೇರವಾಗಿ ಸುರಿಯಬೇಡಿ. ಹೊಟ್ಟೆ ಉಬ್ಬರಿಸುತ್ತದೆ, ಹಸಿ ವಾಸನೆ ಬೇರೆ. ಅದೇ ಇರುವುದಾದರೆ ಹಿಂದಿನ ರಾತ್ರಿ ತೆಳುವಾಗಿ ಅಂಬಲಿ ಕಾಯಿಸಿ, ಆರಿಸಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಬಳಸಿ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಆದರೆ ಪ್ರೋಟೀನ್ ಬರೀ 7%. ಹಾಗಾಗಿ ಹಾಲು ಅಥವಾ ಮೊಸರಿನ ಜೊತೆಗೇ ಹಾಕಿ.

ಪ್ರೋಟೀನ್ ಪೌಡರ್ ಎಲ್ಲರಿಗೂ ಬೇಕಿಲ್ಲ. 2020ರ ಅದೇ ಪಟ್ಟಿಯಲ್ಲಿ ಗಂಡಸಿಗೆ ದಿನಕ್ಕೆ 54 ಗ್ರಾಂ, ಹೆಂಗಸಿಗೆ 46 ಗ್ರಾಂ ಎಂದಿದೆ. ಬೇಳೆ, ಹಾಲು, ಮೊಸರು, ಮೊಟ್ಟೆ ಸರಿಯಾಗಿ ತಿಂದರೆ ಅಷ್ಟು ಬರುತ್ತದೆ.

ಹಂತ 6: ಬೀಜಗಳಲ್ಲಿ ಒಂದನ್ನು ಮಾತ್ರ ಆರಿಸಿ

ಬಾದಾಮಿ, ಶೇಂಗಾ, ಅಗಸೆ, ಚಿಯಾ, ಗೋಡಂಬಿ ಎಲ್ಲದರಲ್ಲೂ ಒಳ್ಳೆಯ ಕೊಬ್ಬಿದೆ. ಆದರೆ ಕೊಬ್ಬು ಗ್ರಾಂಗೆ 9 ಕ್ಯಾಲೊರಿ. ಪ್ರೋಟೀನ್, ಪಿಷ್ಟ, ಸಕ್ಕರೆಗೆ 4. ಅದಕ್ಕೇ ಒಂದನ್ನು ಆರಿಸಿ, ಒಂದು ಚಪ್ಪಟೆ ಚಮಚಕ್ಕೆ ನಿಲ್ಲಿಸಿ.

ಚಮಚದ ಮೋಸ ನೋಡಬೇಕಾದರೆ ಪೀನಟ್ ಬಟರ್ ಡಬ್ಬಿಯನ್ನೇ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಎಂದಿನಂತೆ ಒಂದು ಚಮಚ ತೆಗೆಯಿರಿ. ಎಷ್ಟು ತೆಗೆದಿರೋ ಅಷ್ಟನ್ನು ತಕ್ಕಡಿ ಮೈನಸ್ ಅಂಕಿಯಲ್ಲಿ ತೋರಿಸುತ್ತದೆ. ಸಮತಟ್ಟಾದ ದೊಡ್ಡ ಚಮಚ 16 ಗ್ರಾಂ, 95 ಕ್ಯಾಲೊರಿ. ಮೇಲೆ ಗುಡ್ಡೆಯಾಗಿ, ಕೆಳಗೂ ಮೆತ್ತಿಕೊಂಡು ಬಂದ ಚಮಚ ಸುಲಭವಾಗಿ 30 ಗ್ರಾಂ ಆಗುತ್ತದೆ. ಅಲ್ಲಿಗೆ 180. ಜೇನಿಗೂ ಇದೇ ಉಪಾಯ ನಡೆಯುತ್ತದೆ.

ಅಗಸೆ ಬೀಜವನ್ನು ಪುಡಿ ಮಾಡಿಯೇ ಹಾಕಿ. ಇಡೀ ಬೀಜ ಬಹುಪಾಲು ಹಾಗೆಯೇ ಹೊಟ್ಟೆಯಿಂದ ಹೊರಗೆ ಹೋಗುತ್ತದೆ. ಚಿಯಾ ಅಥವಾ ಕಾಮಕಸ್ತೂರಿ ಬೀಜವನ್ನು ಕಾಲು ಗಂಟೆಯಾದರೂ ನೆನೆಸಿ. ಒಣ ಬೀಜ ನುಂಗಿ ಮೇಲೆ ನೀರು ಕುಡಿಯುವುದು ಅಪಾಯ, ಗಂಟಲಲ್ಲೇ ಊದಿಕೊಂಡು ಸಿಕ್ಕಿಕೊಳ್ಳಬಹುದು.

ಹಂತ 7: ಸಿಹಿ ಕೊನೆಗೆ, ರುಚಿ ನೋಡಿದ ಮೇಲೆ

ಬೆಲ್ಲ, ಜೇನು ಹಾಕಿದರೆ ಲೆಕ್ಕಕ್ಕಿಲ್ಲ ಅನ್ನುವ ನಂಬಿಕೆ ತುಂಬಾ ಜನರಲ್ಲಿದೆ. ಬೆಲ್ಲದ ಕ್ಯಾಲೊರಿ ಸಕ್ಕರೆಗೆ ಹತ್ತಿರವೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ ಪ್ರಕಾರ ನಾವು ಬೆರೆಸುವ ಸಕ್ಕರೆ, ಜೇನು, ಜ್ಯೂಸಿನ ಸಕ್ಕರೆ ಎಲ್ಲ ಸೇರಿ ದಿನದ ಕ್ಯಾಲೊರಿಯ 10% ಒಳಗಿರಬೇಕು. 5% ಒಳಗಿದ್ದರೆ ಇನ್ನೂ ಒಳ್ಳೆಯದು. 1660 ಕ್ಯಾಲೊರಿಯವರಿಗೆ 5% ಅಂದರೆ ಸುಮಾರು 20 ಗ್ರಾಂ, ನಾಲ್ಕು ಟೀ ಚಮಚ. ಕಾಫಿ, ಟೀಗೆ ಹಾಕುವುದೂ ಇದರಲ್ಲೇ ಬರಬೇಕು.

ಚೆನ್ನಾಗಿ ಮಾಗಿದ ಹಣ್ಣು ತಂದರೆ ಸಿಹಿಯ ಅಗತ್ಯವೇ ಬೀಳುವುದಿಲ್ಲ. ಚಿಟಿಕೆ ಏಲಕ್ಕಿ ಪುಡಿ, ದಾಲ್ಚಿನ್ನಿ ಅಥವಾ ಒಂದು ಹರಳು ಉಪ್ಪು ಹಣ್ಣಿನ ಸಿಹಿಯನ್ನೇ ಎತ್ತಿ ತೋರಿಸುತ್ತದೆ. ಆದರೂ ಸಾಲದು ಅನ್ನಿಸಿದರೆ ಒಂದು ಖರ್ಜೂರ. ಹೊಸದರಲ್ಲಿ ಸಪ್ಪೆ ಅನ್ನಿಸುವುದು ಸಹಜ. ವಾರ ವಾರ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಬನ್ನಿ, ನಾಲಿಗೆ ಹೊಂದಿಕೊಳ್ಳುತ್ತದೆ.

ಹಂತ 8: ಮಿಕ್ಸಿಗೆ ಹಾಕುವ ಕ್ರಮ

ಹಾಲೆಲ್ಲ ಒಮ್ಮೆಗೇ ಸುರಿದರೆ ಹಣ್ಣಿನ ಚೂರು ತೇಲಿಕೊಂಡು ಸುತ್ತುತ್ತವೆ, ನುಣ್ಣಗಾಗುವುದಿಲ್ಲ. ಹೀಗೆ ಮಾಡಿ:

1. ಜಾರ್ ಒಣಗಿರುವಾಗಲೇ ಹುರಿಗಡಲೆ, ಶೇಂಗಾ ಅಥವಾ ಅಗಸೆ ಹಾಕಿ ಪುಡಿ ಮಾಡಿ.
2. ಹಣ್ಣಿನ ಹೋಳು ಮತ್ತು ಎರಡು ಮೂರು ಚಮಚ ಹಾಲು ಅಥವಾ ಮೊಸರು ಹಾಕಿ. ಪಲ್ಸ್ ಕಡೆಗೆ ನಾಲ್ಕೈದು ಸಲ ತಿರುಗಿಸಿ, ಆಮೇಲೆ ನುಣ್ಣಗೆ ರುಬ್ಬಿ.
3. ಉಳಿದ ಹಾಲು, ನೀರು ಹಾಕಿ ಅರ್ಧ ನಿಮಿಷ ಓಡಿಸಿ.
4. ರುಚಿ ನೋಡಿ. ಗಟ್ಟಿಯಾಗಿದ್ದರೆ ನೀರು ಸೇರಿಸಿ, ಹಾಲು ಬೇಡ.

ಜಾರ್‌ನ ಮೂರನೇ ಎರಡು ಭಾಗಕ್ಕಿಂತ ಮೇಲೆ ತುಂಬಬೇಡಿ. ಬಿಸಿ ಅಂಬಲಿ, ಬಿಸಿ ಹಾಲು ಹಾಕಿ ಮುಚ್ಚಿ ತಿರುಗಿಸಿದರೆ ಆವಿಗೆ ಮುಚ್ಚಳ ಹಾರುತ್ತದೆ, ಕೈ ಸುಡುತ್ತದೆ. ಫ್ರೀಜರ್‌ನಿಂದ ತೆಗೆದ ಕಲ್ಲಿನಂಥ ಹಣ್ಣನ್ನು ಹತ್ತು ನಿಮಿಷ ಹೊರಗಿಟ್ಟು ಹಾಕಿ. ಮಿಕ್ಸಿ ಗೊರಗೊರ ಅಂದು ಸುಟ್ಟ ವಾಸನೆ ಬಂದರೆ ಕೂಡಲೇ ನಿಲ್ಲಿಸಿ.

ಅನಾನಸ್, ಪರಂಗಿಯ ವಿಷಯದಲ್ಲಿ ಒಂದು ಮಾತು. ಇವುಗಳಲ್ಲಿರುವ ಕಿಣ್ವಗಳು ಹಾಲಿನ ಪ್ರೋಟೀನನ್ನು ಒಡೆಯುತ್ತವೆ. ಸ್ವಲ್ಪ ಹೊತ್ತು ಇಟ್ಟರೆ ಕಹಿ ಬರುತ್ತದೆ. ಮಾಡಿದ ತಕ್ಷಣ ಕುಡಿಯಿರಿ, ಡಬ್ಬಿಗೆ ಹಾಕಿಕೊಂಡು ಆಫೀಸಿಗೆ ಒಯ್ಯಬೇಡಿ. ಒಯ್ಯಲೇಬೇಕಾದ ದಿನ ಬೇರೆ ಹಣ್ಣು ಆರಿಸಿ.

ಹಂತ 9: ಕೂತು ಕುಡಿಯಿರಿ

ಎರಡು ನಿಮಿಷದಲ್ಲಿ ಗಟಗಟನೆ ಕುಡಿದರೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ. ಸ್ವಲ್ಪ ಗಟ್ಟಿಯಾಗಿ ಮಾಡಿ, ಬಟ್ಟಲಿಗೆ ಹಾಕಿ, ಚಮಚದಲ್ಲಿ ಹತ್ತು ಹದಿನೈದು ನಿಮಿಷ ತಿನ್ನಿ. ಅಳೆದ ಹಣ್ಣಿನಲ್ಲೇ ನಾಲ್ಕು ಹೋಳು ಉಳಿಸಿಕೊಂಡು ಮೇಲೆ ಹಾಕಿದರೆ ಅಗಿಯಲೂ ಏನಾದರೂ ಇರುತ್ತದೆ. ಮನೆಯವರಿಗೆಲ್ಲ ಮಾಡಿ ಜಾರ್‌ನಲ್ಲಿ ಉಳಿದಿದ್ದನ್ನು "ಸುಮ್ನೆ ವೇಸ್ಟ್ ಆಗುತ್ತೆ" ಎಂದು ನೀವೇ ಕುಡಿಯಬೇಡಿ. ಅದು ಅರ್ಧ ಲೋಟ ಇರುತ್ತದೆ, ಅಲ್ವಾ?

ಅಳತೆಯ ಮೂರು ಲೋಟಗಳು

ತಿಂಡಿಗೆ: ಟೋನ್ಡ್ ಹಾಲು 200 ಮಿಲಿ, ರಾಗಿ ಹುರಿಹಿಟ್ಟು 20 ಗ್ರಾಂ, ಪಚ್ಚಬಾಳೆ ಅರ್ಧ, ಹುರಿದ ಶೇಂಗಾ 10 ಗ್ರಾಂ, ಏಲಕ್ಕಿ. ಸುಮಾರು 300 ಕ್ಯಾಲೊರಿ, 10 ಗ್ರಾಂ ಪ್ರೋಟೀನ್. ಜೊತೆಗೆ ಒಂದು ಬೇಯಿಸಿದ ಮೊಟ್ಟೆ ತಿಂದರೆ ಮಧ್ಯಾಹ್ನದವರೆಗೆ ಯೋಚನೆ ಇಲ್ಲ. ಮೊಟ್ಟೆಯ 70–75 ಕ್ಯಾಲೊರಿಯನ್ನು ಲೆಕ್ಕಕ್ಕೆ ಸೇರಿಸಿಕೊಂಡು, ಆ ದಿನ ಶೇಂಗಾ ಬಿಡಿ.

ಸಂಜೆಗೆ: ಪರಂಗಿ 150 ಗ್ರಾಂ, ಮೊಸರು 100 ಗ್ರಾಂ, ನೀರು 100 ಮಿಲಿ, ಹುರಿಗಡಲೆ ಪುಡಿ 15 ಗ್ರಾಂ, ನಿಂಬೆರಸ. ಸುಮಾರು 175.

ಬೇಸಿಗೆಗೆ: ಕರಬೂಜ 200 ಗ್ರಾಂ, ಮೊಸರು 100 ಗ್ರಾಂ, ಪುದೀನ, ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು. ಸುಮಾರು 130. ಸಿಹಿ ಬೇಕೆನ್ನಿಸುವುದೇ ಇಲ್ಲ.

ಈ ಲಕ್ಷಣ ಕಂಡರೆ ನಿಲ್ಲಿಸಿ

ಎಲ್ಲಕ್ಕಿಂತ ಮುಖ್ಯವಾದದ್ದು ಕಹಿ. ಹಸಿರು ಸ್ಮೂದಿಗೆ ಸೋರೆಕಾಯಿ, ಸೌತೆಕಾಯಿ ಹಾಕುವವರು ಪ್ರತಿ ಸಲವೂ ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ. ಕಹಿ ಸೋರೆಕಾಯಿಯಲ್ಲಿರುವ ಕುಕುರ್ಬಿಟಾಸಿನ್ ಅನ್ನುವ ವಿಷದಿಂದ ವಾಂತಿ, ಭೇದಿ, ರಕ್ತವಾಂತಿ ಆಗುತ್ತದೆ. ಅದರ ರಸ ಕುಡಿದು ನಮ್ಮ ದೇಶದಲ್ಲಿ ಸಾವೂ ಆಗಿದೆ. ಜೇನು, ನಿಂಬೆ ಹಾಕಿ ಕಹಿ ಮುಚ್ಚಿ ಕುಡಿಯುವುದಂತೂ ಕೂಡದು. ಕುಡಿದ ಮೇಲೆ ಹೊಟ್ಟೆನೋವು, ವಾಂತಿ ಶುರುವಾದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಕಿಡ್ನಿ ತೊಂದರೆ ಇರುವವರು ಬಾಳೆ, ಎಳನೀರನ್ನು ವೈದ್ಯರನ್ನು ಕೇಳದೆ ಹಾಕಬಾರದು, ಪೊಟ್ಯಾಸಿಯಂ ಜಾಸ್ತಿ. ಧಾರೆಹುಳಿ, ಅಂದರೆ ನಕ್ಷತ್ರದಾಕಾರದ ಹಣ್ಣು, ಅವರಿಗೆ ಪೂರ್ತಿ ನಿಷಿದ್ಧ. ಕಿಡ್ನಿಯಲ್ಲಿ ಕಲ್ಲು ಬಂದವರು ದಿನಾ ಹಸಿ ಪಾಲಕ್ ಹಾಕುವುದು ಬೇಡ, ಅದರಲ್ಲಿ ಆಕ್ಸಲೇಟ್ ತುಂಬಾ.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ತಿಂಡಿ ಬದಲಿಸುವ ಮುಂಚೆ ವೈದ್ಯರಿಗೆ ಹೇಳಿ. ಕುಡಿದ ಎರಡು ಗಂಟೆಗೆ ಸಕ್ಕರೆ ನೋಡಿದರೆ ಆ ಲೋಟ ನಿಮಗೆ ಒಗ್ಗುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ. ಥೈರಾಯ್ಡ್ ಮಾತ್ರೆ ನುಂಗಿದ ಕೂಡಲೇ ಸ್ಮೂದಿ ಕುಡಿಯಬೇಡಿ. ಹಾಲಿನ ಕ್ಯಾಲ್ಸಿಯಂ ಆ ಔಷಧಿ ಮೈಗೆ ಹತ್ತದಂತೆ ತಡೆಯುತ್ತದೆ. ಎಷ್ಟು ಅಂತರ ಬೇಕೆಂದು ವೈದ್ಯರನ್ನೇ ಕೇಳಿ, ಒಂದು ಗಂಟೆಗಿಂತ ಕಡಿಮೆಯಂತೂ ಬೇಡ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಇದ್ದಕ್ಕಿದ್ದಂತೆ ಏರಿಸಬಾರದು.

ಮಾಡಿಟ್ಟ ಸ್ಮೂದಿಯ ಮುಚ್ಚಳ ತೆಗೆದಾಗ ಟಪ್ ಎಂದು ಗಾಳಿ ಬಂದರೆ, ಹುಳಿ ವಾಸನೆ ಬಂದರೆ ಚೆಲ್ಲಿ. ಫ್ರಿಜ್‌ನಲ್ಲಿಟ್ಟರೂ ಒಂದು ದಿನ ದಾಟಿಸಬೇಡಿ. ದಿನಾ ಹೊಟ್ಟೆ ಉಬ್ಬರಿಸುತ್ತಿದ್ದರೆ ಹಾಲು ಬಿಟ್ಟು ಮೊಸರಿಗೆ ಬನ್ನಿ. ತಲೆಸುತ್ತು, ಸುಸ್ತು, ಮುಟ್ಟಿನಲ್ಲಿ ಏರುಪೇರು ಕಂಡರೆ ನೀವು ತಿನ್ನುತ್ತಿರುವುದು ತೀರಾ ಕಡಿಮೆ ಆಗಿರಬಹುದು. ಪ್ರಮಾಣ ಏರಿಸಿ, ವೈದ್ಯರನ್ನು ಕಾಣಿ.

ಹಂತ 10: ಮೂರು ವಾರ ನೋಡಿ, ಆಮೇಲೆ ಬದಲಿಸಿ

ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಏನೂ ತಿನ್ನುವ ಮುಂಚೆ ತೂಕ ನೋಡಿ. ದಿನಾ ನೋಡಿದರೆ ನೀರಿನ ಏರಿಳಿತಕ್ಕೇ ಮನಸ್ಸು ಕೆಡುತ್ತದೆ. ವಾರಕ್ಕೆ ಕಾಲಿನಿಂದ ಅರ್ಧ ಕೆಜಿ ಇಳಿದರೆ ಚೆನ್ನಾಗಿ ನಡೆಯುತ್ತಿದೆ ಎಂದೇ ಅರ್ಥ.

ಮೂರು ವಾರವಾದರೂ ಮುಳ್ಳು ಅಲುಗದಿದ್ದರೆ ಈ ಕ್ರಮದಲ್ಲಿ ಕಡಿಮೆ ಮಾಡಿ. ಮೊದಲು ಹೊರಗಿನ ಸಿಹಿ. ಆಮೇಲೆ ಬೀಜ, ಪೀನಟ್ ಬಟರ್. ಆಮೇಲೆ ಹಾಲಿನ ಕೊಬ್ಬು. ಹುರಿಗಡಲೆ, ಮೊಸರನ್ನು ಮುಟ್ಟಬೇಡಿ, ಹಸಿವು ತಡೆಯುವುದು ಅವೇ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಲೋಟ ಅಳತೆಗೆ ಸರಿಯಾಗಿದ್ದೂ ತೂಕ ನಿಂತೇ ಇದ್ದರೆ ಲೋಟದಾಚೆ ಹುಡುಕಿ. ನಾಲ್ಕು ದಿನ ಬಾಯಿಗೆ ಬಿದ್ದದ್ದನ್ನೆಲ್ಲ ಬರೆದಿಡಿ: ಒಗ್ಗರಣೆಯ ಎಣ್ಣೆ ಎಷ್ಟು ಚಮಚ, ಕಾಫಿಗೆ ಸಕ್ಕರೆ ಎಷ್ಟು, ಟೀವಿ ಮುಂದೆ ಕೂತು ತಿಂದ ಮಿಕ್ಸ್ಚರ್ ಎಷ್ಟು ಹಿಡಿ. ಎಣ್ಣೆ ಒಂದು ದೊಡ್ಡ ಚಮಚಕ್ಕೇ 120 ಕ್ಯಾಲೊರಿ. ಕಡಿಮೆ ಮಾಡುವುದನ್ನು ಅಲ್ಲಿಂದ ಶುರು ಮಾಡಿ.